ಕಾಜಾ ಅಕ್ಕನ ಮೂರು ಬೆರಳು

ನನ್ನ ಅಕ್ಕನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇದ್ದೇ ಇತ್ತು. ಆಸ್ಪತ್ರೆಯ ಚೀಟಿ ಬಿಟ್ಟರೆ ಬೇರೆಲ್ಲೂ ಅದನ್ನು ಬಳಸಿದ್ದು ನಾನು ಕಂಡಿಲ್ಲ. ಬೀದಿಗೆಲ್ಲ ಅವಳು ಕಾಜಾ ಅಕ್ಕ. ಅಂಗಿಯಲ್ಲಿ ಗುಂಡಿ ತೂರಿಸುವ ಜಾಗಕ್ಕೆ ನಮ್ಮ ದರ್ಜಿ ಕಸುಬಿನಲ್ಲಿ ಕಾಜಾ ಎನ್ನುತ್ತೇವೆ. ಗಿರಾಕಿಗಳು ಯಾರಾದರೂ ಬಾಯಿತಪ್ಪಿ "ಗುಂಡಿ ತೂತು" ಅಂದರೋ, ಮುಗಿಯಿತು. "ತೂತನ್ನ ಇಲಿನೂ ಮಾಡುತ್ತೆ ಸ್ವಾಮಿ, ಇದು ಕಾಜಾ" ಎಂದು ಮೂಲೆಯಿಂದಲೇ ಗದರುತ್ತಿದ್ದಳು. ಎಷ್ಟೋ ಜನ ಅವಳ ಬಾಯಿಗೆ ಹೆದರಿ ನನ್ನ ಹತ್ತಿರ ಪಿಸುಮಾತಿನಲ್ಲಿ ಅಳತೆ ಹೇಳಿ ಹೋಗುತ್ತಿದ್ದರು.

ಅಂಗಡಿ ನನ್ನದು. ನಾನು ಕಟಿಂಗ್ ಮಾಸ್ಟರ್. ಅಳತೆ ತೆಗೆಯುವುದು, ಗುರುತು ಹಾಕುವುದು, ಕತ್ತರಿಸುವುದು ನನ್ನ ಕೆಲಸ. ಆದರೆ ಅಂಗಡಿ ನನ್ನದು ಎಂದು ಹೇಳಿಕೊಳ್ಳುವಾಗೆಲ್ಲ ನಾಲಿಗೆ ಸ್ವಲ್ಪ ತಡವರಿಸುತ್ತದೆ. ಅಮ್ಮ ಹೋದಾಗ ಅಕ್ಕನಿಗೆ ಹದಿನಾಲ್ಕು, ನನಗೆ ಐದು. ಅಪ್ಪನಿಗೆ ಮನೆ ಎಂದರೆ ಊಟದ ಹೊತ್ತಿಗೆ ಬರುವ ಜಾಗ. ಅಕ್ಕ ಶಾಲೆ ಬಿಟ್ಟು ಬೀದಿಯ ಕೊನೆಯ ದರ್ಜಿಯ ಹತ್ತಿರ ಕಾಜಾ ಹೊಲಿಯುವುದಕ್ಕೆ ಕೂತಳು. ನನ್ನ ಸ್ಲೇಟು, ನನ್ನ ಚಪ್ಪಲಿ, ಆಮೇಲೆ ನನ್ನ ಮೊದಲ ಕತ್ತರಿ, ಎಲ್ಲ ಆ ಕಾಜಾಗಳಿಂದ ಬಂದವು. ಮದುವೆಯ ಮಾತು ಎರಡು ಸಲ ಬಂತು. ಎರಡು ಸಲವೂ "ಈ ಕೋತಿಯನ್ನ ಯಾರ ಹತ್ರ ಬಿಡ್ಲಿ" ಎಂದು ನನ್ನ ಕಡೆ ಬೆರಳು ತೋರಿಸಿದಳು. ಮೂರನೆಯ ಸಲ ಯಾರೂ ಕೇಳಲಿಲ್ಲ.

ಕೈಯಿಂದ ಕಾಜಾ ಹೊಲಿಯುವುದನ್ನು ನೀವು ನೋಡಿರಲಿಕ್ಕಿಲ್ಲ. ಈಗ ಮಿಷನ್ ಬಂದಿದೆ, ಕಣ್ಣು ಮಿಟುಕಿಸುವಷ್ಟರಲ್ಲಿ ಒಂದು. ಆದರೆ ಒಳ್ಳೆಯ ಕೋಟಿಗೆ ಕೈಕಾಜಾನೇ ಬೇಕು. ಬಟ್ಟೆಯಲ್ಲಿ ಸೀಳು ಕೊಟ್ಟು, ಮೇಣ ಸವರಿದ ದಾರದಿಂದ ಅದರ ಅಂಚಿಗೆ ಒತ್ತೊತ್ತಾಗಿ ಗಂಟು ಕೂರಿಸುತ್ತಾ ಬರಬೇಕು. ನೋಡುವವರಿಗೆ ಕಾಣುವುದು ಸೂಜಿ ಹಿಡಿದ ಬಲಗೈ. ನಿಜವಾದ ಕೆಲಸ ಮಾಡುವುದು ಬಟ್ಟೆಯ ಕೆಳಗಿನ ಎಡಗೈ. ಹೆಬ್ಬೆರಳು, ತೋರುಬೆರಳು, ನಡುಬೆರಳು, ಈ ಮೂರೂ ಸೇರಿ ಅಂಚನ್ನು ಹಿಡಿದಿರುತ್ತವೆ. ಸೂಜಿಯ ಮೊನೆ ಎಲ್ಲಿ ಬರುತ್ತಿದೆ, ಎಷ್ಟು ಎಳೆ ಹಿಡಿದಿದೆ ಎಂದು ಹೇಳುವುದು ಅವೇ. ಕಣ್ಣಿಗೆ ಆ ಜಾಗ ಕಾಣುವುದೇ ಇಲ್ಲ. ಅಕ್ಕ ಕಿಟಕಿಯ ಹೊರಗೆ ನೋಡುತ್ತಾ, ಯಾರನ್ನೋ ಬೈಯುತ್ತಾ ಹೊಲಿಯುತ್ತಿದ್ದಳು. ಗಂಟುಗಳು ಅಳೆದು ಇಟ್ಟಂತೆ ಕೂರುತ್ತಿದ್ದವು.

ನಲವತ್ತೆಂಟಕ್ಕೆ ಸಂಧಿವಾತ ಶುರುವಾಯಿತು. ಮೊದಲು ಬೆಳಿಗ್ಗೆ ಎದ್ದಾಗ ಮುಷ್ಟಿ ಕಟ್ಟಲಾಗುತ್ತಿರಲಿಲ್ಲ. ಆಮೇಲೆ ಎರಡೂ ಕೈಯ ಗೆಣ್ಣುಗಳು ಕೆಂಪಗೆ ಊದಿಕೊಂಡು ಬಿಸಿಯಾದವು. ದೊಡ್ಡಾಸ್ಪತ್ರೆಯ ಚೀಟಿಯಲ್ಲಿ ಉರಿಯೂತ ಎಂದು ಬರೆದಿತ್ತು. ಅಕ್ಕ ಅದನ್ನು ಎರಡು ಸಲ ಓದಿ, "ಉರಿ, ಊತ. ಪರ್ವಾಗಿಲ್ಲ, ಡಾಕ್ಟ್ರಿಗೂ ಕನ್ನಡ ಬರುತ್ತೆ" ಅಂದಳು. ಮಾತ್ರೆ ನುಂಗಿದಳು, ಬಿಸಿನೀರಿನಲ್ಲಿ ಕೈ ಅದ್ದಿದಳು. ಹತ್ತು ಗಂಟೆಯ ಹೊತ್ತಿಗೆ ಬೆರಳು ಸ್ವಲ್ಪ ಸಡಿಲವಾದ ಮೇಲೆ ಅಂಗಡಿಗೆ ಬರುತ್ತಿದ್ದಳು. ಹಲ್ಲು ಕಚ್ಚಿಕೊಂಡು ಹೊಲಿಯುತ್ತಿದ್ದಳು. ದಿನಕ್ಕೆ ಮೂವತ್ತು ಹೊಲಿಯುತ್ತಿದ್ದವಳು ಹತ್ತಕ್ಕೆ ಇಳಿದಳು. ಹತ್ತರಲ್ಲಿ ಒಂದೂ ಡೊಂಕಾಗಿರಲಿಲ್ಲ. ಹೀಗೆ ಐದು ವರ್ಷ ನಡೆಯಿತು.

ಆಮೇಲೆ ಕನ್ನಡಿ ಬಿತ್ತು. ಅಂಗಡಿಯಲ್ಲಿ ಬಟ್ಟೆ ಹಾಕಿ ನೋಡುವ ಮೂಲೆಯಲ್ಲಿ ಆಳೆತ್ತರದ ಕನ್ನಡಿ ಇತ್ತು. ಅದರ ಮೊಳೆ ಸಡಿಲವಾಗಿದೆ ಎಂದು ಅಕ್ಕ ತಿಂಗಳಿಂದ ಹೇಳುತ್ತಿದ್ದಳು, ನಾನು ನಾಳೆ ನಾಳೆ ಅನ್ನುತ್ತಿದ್ದೆ. ಒಂದು ಮಧ್ಯಾಹ್ನ ಅದು ಜಾರಿದಾಗ ಅವಳೇ ಎಡಗೈ ಅಡ್ಡ ಕೊಟ್ಟಳು. ಮಣಿಕಟ್ಟಿನ ಒಳಬದಿಯಲ್ಲಿ ಸೀಳಿತು. ರಕ್ತ ನೋಡಿ ನಾನು ಟೇಪು ಹಿಡಿದುಕೊಂಡೇ ನಿಂತುಬಿಟ್ಟೆ. ಅವಳೇ ಒಂದು ಲೈನಿಂಗ್ ಬಟ್ಟೆ ಸುತ್ತಿಕೊಂಡು, "ಬಾಯಿ ಬಿಟ್ಕೊಂಡು ನಿಂತ್ಕೋಬೇಡ, ನಡಿ" ಅಂದಳು.

ಪಕ್ಕದ ಬೀದಿಯಲ್ಲಿ ಸಣ್ಣ ಕ್ಲಿನಿಕ್ ಇತ್ತು. ಅಲ್ಲಿ ಹೊಲಿಗೆ ಹಾಕಿದರು. ನಾನು ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಒಳಗಿಂದ ಕಾಂಪೌಂಡರು ಕೈ ಒರೆಸಿಕೊಳ್ಳುತ್ತಾ ಬಂದು, "ನರ ಕಟ್ಟಾಗಿತ್ತು. ಕಟ್ಟಿದ್ದೀವಿ. ಏನೂ ಯೋಚನೆ ಮಾಡ್ಬೇಡಿ" ಅಂದರು. ನನ್ನ ಹೋದ ಜೀವ ಬಂದಂತಾಯಿತು.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ನಮ್ಮ ಮಾತಿನಲ್ಲಿ ನರ ಅಂದರೆ ಏನೇನೆಲ್ಲ! ಕೈಯ ಮೇಲೆ ನೀಲಿಯಾಗಿ ಉಬ್ಬಿ ಕಾಣುತ್ತದಲ್ಲ, ರಕ್ತ ಹರಿಯುವ ನಾಳ, ಅದೂ ನರ. ಕತ್ತು ತಿರುಗಿಸುವಾಗ ಸಟಕ್ಕನೆ ಹಿಡಿದುಕೊಳ್ಳುವುದೂ ನರ. ಹಿಮ್ಮಡಿಯ ಹಿಂದೆ ಹಗ್ಗದಂತೆ ಬಿಗಿದಿರುವುದೂ ನರ. ಮುಟ್ಟಿದ್ದು ಬಿಸಿಯೋ ತಣ್ಣಗೋ ಎಂದು ತಲೆಗೆ ತಿಳಿಸುವುದೂ ನರವೇ. ನಾಲ್ಕು ವಸ್ತುವಿಗೆ ಒಂದೇ ಹೆಸರು ಇಟ್ಟುಕೊಂಡು ಹಾಯಾಗಿ ಬದುಕುತ್ತಿದ್ದೇವೆ. ನನಗೆ ಆ ದಿನ ಇದು ಹೊಳೆಯಲಿಲ್ಲ. ಕತ್ತರಿಸಿದ್ದನ್ನು ಮತ್ತೆ ಸೇರಿಸುವುದು ನನ್ನ ಕಸುಬಲ್ಲವೇ, ಅವರೂ ಸೇರಿಸಿದ್ದಾರೆ ಎಂದುಕೊಂಡೆ.

ಎರಡು ವಾರದ ಮೇಲೆ ಸಂಧಿವಾತದ ಮಾತ್ರೆಗೆಂದು ದೊಡ್ಡಾಸ್ಪತ್ರೆಗೆ ಹೋಗುವ ದಿನ ಬಂತು. ಉದ್ದ ಸಾಲು. ಮೇಜಿನ ಹಿಂದೆ ನಿದ್ದೆಗೆಟ್ಟ ಮುಖದ ಹೊಸ ಡಾಕ್ಟರು. ಅಕ್ಕನ ಪಟ್ಟಿ ನೋಡಿ, "ಇದೇನಾಯ್ತು? ನರಕ್ಕೆ ಏನಾದ್ರೂ ಪೆಟ್ಟಾಗಿದ್ಯಾ?" ಎಂದು ಕೇಳಿದರು. ಅಕ್ಕ ಬಾಯಿ ತೆರೆಯುವ ಮೊದಲೇ ನಾನು ಮುಂದೆ ಬಿದ್ದೆ.

"ಆಗಿತ್ತು ಸಾರ್. ಕಟ್ಟಾಗಿತ್ತು. ಅಲ್ಲೇ ಸೇರ್ಸಿದ್ದಾರೆ."

"ಸೇರ್ಸಿದ್ದಾರಾ? ಒಳ್ಳೇದಾಯ್ತು. ಬೆರಳು ಜೋಮು ಹಿಡಿದಂಗಿದ್ರೆ ಹೆದರ್ಬೇಡಿ, ಸೇರಿಸಿದ ನರ ಬೆಳೆಯೋಕೆ ತಿಂಗಳುಗಟ್ಟಲೆ ಬೇಕು" ಎಂದು ಬರೆದುಕೊಂಡರು.

ಒಂದೇ ಒಂದು ಸಾಲು. ಕಟ್ಟಿದ್ದೀವಿ ಎಂದು ಅವರು ಹೇಳಿದ್ದನ್ನು ನಾನು ಸೇರಿಸಿದ್ದಾರೆ ಎಂದು ಮಾಡಿದೆ. ದುಡುಕು ಬಾಯಿ ನನ್ನದು. ಅಳತೆ ತೆಗೆಯುವಾಗ ಎರಡೆರಡು ಸಲ ಟೇಪು ಹಿಡಿಯುವ ಮನುಷ್ಯ ನಾನು. ಆ ದಿನ ಒಂದು ಸಲವೂ ಹಿಡಿಯಲಿಲ್ಲ.

ಜೋಮಿಗೆ ಕಾರಣ ಸಿಕ್ಕಿದ್ದರಿಂದ ನಾವಿಬ್ಬರೂ ನೆಮ್ಮದಿಯಾಗಿ ಕಾದೆವು. ಎಡಗೈಯ ಆ ಮೂರು ಬೆರಳಿಗೆ ಏನೂ ತಿಳಿಯುತ್ತಿರಲಿಲ್ಲ. ಹೆಬ್ಬೆರಳು ಸೋಮಾರಿಯಾಗಿ ಅಂಗೈಯ ಪಕ್ಕ ಮಲಗಿರುತ್ತಿತ್ತು. ಅಕ್ಕ ಕಾಜಾ ಬಿಟ್ಟು ಬಲಗೈಯಿಂದ ಗುಂಡಿ ಆರಿಸುವುದು, ಇಸ್ತ್ರಿ ಮಾಡುವುದು, ಗಿರಾಕಿಗಳನ್ನು ಬೈಯುವುದು, ಇಷ್ಟನ್ನೇ ಮಾಡುತ್ತಿದ್ದಳು. ಮೂರನೆಯ ತಿಂಗಳಿಗೆ ಒಂದು ವಿಚಿತ್ರ ಕಂಡಿತು. ಆ ಮೂರು ಬೆರಳಿನ ಊತ ಇಳಿದುಬಿಟ್ಟಿತ್ತು. ಗೆಣ್ಣು ತೆಳ್ಳಗಾಗಿ, ಕೆಂಪು ಹೋಗಿ, ಹರೆಯದ ಹುಡುಗಿಯ ಬೆರಳಿನಂತಾಗಿದ್ದವು. ಅದೇ ಕೈಯ ಉಂಗುರಬೆರಳು, ಕಿರುಬೆರಳು ಮಾತ್ರ ಮೊದಲಿನಂತೆಯೇ ಊದಿಕೊಂಡು ಉರಿಯುತ್ತಿದ್ದವು. ಬಲಗೈಯಂತೂ ಕೇಳಲೇಬೇಡಿ.

"ನೋಡೋ, ಒಂದೇ ಮನೇಲಿ ಮೂರು ಜನಕ್ಕೆ ರಜ, ಇಬ್ಬರಿಗೆ ದುಡಿತ" ಎಂದು ಅಕ್ಕ ನಗುತ್ತಿದ್ದಳು. ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. ಐವತ್ತಮೂರು ವಯಸ್ಸಿನಲ್ಲಿ ಮೊದಲ ಸಲ ಆ ಮೂರು ಉಗುರಿಗೆ ಬಣ್ಣ ಹಚ್ಚಿಕೊಂಡಳು. ನನ್ನ ಹೆಂಡತಿ ಹಚ್ಚಿಕೊಟ್ಟಳು. ನಾನು ಗೇಲಿ ಮಾಡಿದ್ದಕ್ಕೆ ಇಬ್ಬರೂ ಸೇರಿ ನನಗೆ ಮಂಗಳಾರತಿ ಎತ್ತಿದರು.

ಐದನೆಯ ತಿಂಗಳಲ್ಲಿ ಕೈ ಸುಟ್ಟಿತು. ನಾನು ಕೋಟಿನ ಬೆನ್ನಿನ ಭಾಗ ಕತ್ತರಿಸುತ್ತಿದ್ದೆ. ಏನೋ ಸುಟ್ಟ ವಾಸನೆ. ಉಣ್ಣೆ ಬಟ್ಟೆ ಇರಬೇಕೆಂದು, "ಅಕ್ಕಾ, ಬಟ್ಟೆ ಸೀಯ್ತಿದೆ!" ಎಂದು ಕೂಗಿದೆ. ಅವಳು ಬಟ್ಟೆ ಎತ್ತಿ ನೋಡಿದಳು, ಬಟ್ಟೆ ಸರಿಯಾಗಿಯೇ ಇತ್ತು. ಇಸ್ತ್ರಿಪೆಟ್ಟಿಗೆಯ ಅಂಚಿಗೆ ಅವಳ ಎಡಗೈಯ ತೋರುಬೆರಳು ಒರಗಿತ್ತು. ಅವಳು ಕೂಗಲೂ ಇಲ್ಲ. ತನ್ನದಲ್ಲದ ವಸ್ತುವನ್ನು ನೋಡುವಂತೆ ಅದನ್ನು ನೋಡುತ್ತಾ ನಿಂತಿದ್ದಳು. ನಾನೇ ಓಡಿಹೋಗಿ ಅವಳ ಕೈ ಎಳೆದೆ.

ದೊಡ್ಡಾಸ್ಪತ್ರೆಯಲ್ಲಿ ಈ ಸಲ ಸಿಕ್ಕಿದ್ದು ಹಿರಿಯ ಡಾಕ್ಟರಮ್ಮ. ಬಿಳಿ ಕೂದಲು, ಅವಸರವಿಲ್ಲದ ಕೈ. ಸುಟ್ಟ ಗಾಯಕ್ಕಿಂತ ಹೆಚ್ಚಾಗಿ ಅದರ ಸುತ್ತಲಿನ ಚರ್ಮವನ್ನು ನೋಡಿದರು. ಬೊಬ್ಬೆ ಎದ್ದಿತ್ತು, ಆದರೆ ಸುತ್ತ ಕೆಂಪಾಗಿರಲಿಲ್ಲ. ಆಮೇಲೆ ಆ ಮೂರು ಬೆರಳನ್ನು ಒಂದೊಂದಾಗಿ ಹಿಡಿದು ಮಡಿಸಿ ಬಿಡಿಸಿ ಮಾಡಿದರು.

"ಇವು ಯಾಕೆ ಇಷ್ಟು ಚೆನ್ನಾಗಿವೆ?" ಎಂದು ಕೇಳಿದರು.

"ಚೆನ್ನಾಗಿದ್ರೆ ಒಳ್ಳೇದೇ ಅಲ್ವಾ ಡಾಕ್ಟ್ರೇ?" ನಾನಂದೆ.

ಅವರು ಪೆನ್ನಿನ ಮುಚ್ಚಳದ ಅಂಚಿನಿಂದ ಅಕ್ಕನ ಕಿರುಬೆರಳಿನ ಮೇಲೆ ಒಂದು ಗೆರೆ ಎಳೆದರು, ತೋರುಬೆರಳಿನ ಮೇಲೆ ಇನ್ನೊಂದು. ಗಡಿಯಾರ ನೋಡುತ್ತಾ ಕೂತರು. ಕಿರುಬೆರಳಿನ ಗೆರೆಯ ಸುತ್ತ ಚರ್ಮ ನಿಧಾನವಾಗಿ ಕೆಂಪಾಗಿ ಹರಡಿತು. ತೋರುಬೆರಳಿನ ಮೇಲೆ ಬರೀ ಗೆರೆ, ಸುತ್ತ ಏನೂ ಇಲ್ಲ.

"ನರ ಅಂದ್ರೆ ನೋವಿನ ಸುದ್ದೀನ ತಲೆಗೆ ಮುಟ್ಟಿಸೋದು ಅಂತ ತಿಳ್ಕೊಂಡಿರ್ತೀರಿ" ಅಂದರು ಡಾಕ್ಟರಮ್ಮ. "ಅದು ಸರಿ. ಆದ್ರೆ ನೋವಿನ ನರ ಸುದ್ದಿ ಕಳಿಸಿ ಸುಮ್ನೆ ಕೂರಲ್ಲ. ತನ್ನ ತುದೀಲಿ ಏನೋ ಒಂದಿಷ್ಟು ರಾಸಾಯನಿಕ ಸುರಿಸುತ್ತೆ. ಅದರಿಂದ ಸುತ್ತ ಇರೋ ಸಣ್ಣ ರಕ್ತನಾಳ ಎಲ್ಲ ಅಗಲ ಆಗ್ತವೆ, ಅವುಗಳಿಂದ ನೀರು ಸೋರುತ್ತೆ. ಕೆಂಪಾಗೋದು, ಬಿಸಿಯಾಗೋದು, ಊದಿಕೊಳ್ಳೋದು, ಇದರಲ್ಲೆಲ್ಲ ನರದ ಕೈವಾಡಾನೂ ಇರುತ್ತೆ."

"ಜಗಳ ಆಗ್ತಿದೆ ಅಂತ ಹೇಳೋಕೆ ಓಡಿ ಬಂದವನು, ತಾನೇ ವಾಪಸ್ ಹೋಗಿ ಎರಡು ಏಟು ಹಾಕ್ದಂಗೆ" ಅಂದಳು ಅಕ್ಕ.

ಡಾಕ್ಟರಮ್ಮ ನಕ್ಕರು. "ಹಂಗೇ ಅನ್ಕೊಳ್ಳಿ. ನಿಮ್ಮ ರೋಗಕ್ಕೆ ಮೂಲ ನರ ಅಲ್ಲ. ಮೈ ಕಾಯಬೇಕಾದ ಶಕ್ತಿನೇ ನಿಮ್ಮ ಕೀಲಿನ ಮೇಲೆ ತಿರುಗಿ ಬಿದ್ದಿದೆ, ಅದಕ್ಕೇ ಮಾತ್ರೆ ಕೊಡ್ತಿರೋದು. ನರ ಆ ಬೆಂಕಿಗೆ ಗಾಳಿ ಹಾಕುತ್ತೆ. ನರ ಸತ್ತ ಕಡೆ ಗಾಳಿ ಹಾಕೋರಿಲ್ಲ. ಎಲ್ಲರಿಗೂ ಹೀಗೆ ಆಗಲ್ಲ, ಕೆಲವರಲ್ಲಿ ನೋಡಿದ್ದೀವಿ. ಲಕ್ವ ಹೊಡೆದವರಲ್ಲಿ ಬಿದ್ದುಹೋದ ಕೈ ಬಿಟ್ಟು ಇನ್ನೊಂದೇ ಕೈ ಊದಿಕೊಳ್ಳೋದುಂಟು."

"ಹಾಗಾದ್ರೆ ಬಲಗೈ ನರಾನೂ ತೆಗೆದುಬಿಡಿ ಡಾಕ್ಟ್ರೇ, ನೋವಾದ್ರೂ ಹೋಗ್ಲಿ!" ನನ್ನ ಬಾಯಿ ಮತ್ತೆ ಮುಂದೆ ಬಿತ್ತು.

"ಆಮೇಲೆ ಆ ಕೈ ಇಟ್ಕೊಂಡು ಏನ್ಮಾಡ್ತಾರೆ?" ಎಂದು ಅವರು ನನ್ನನ್ನೇ ನೋಡಿದರು.

ಅವರು ಮಣಿಕಟ್ಟಿನ ಗಾಯದ ಕಲೆಯ ಮೇಲೆ ಬೆರಳಿನಿಂದ ತಟ್ಟಿದರು. ಅಕ್ಕ "ಹಾ" ಎಂದು ಕೈ ಎಳೆದುಕೊಂಡಳು. ಕಲೆಯಿಂದ ಒಂದಿಂಚು ಮುಂದೆ ತಟ್ಟಿದರು, ಏನೂ ಇಲ್ಲ. ಅಂಗೈ, ಬೆರಳು, ಎಲ್ಲೂ ಇಲ್ಲ. ಅವರ ಮುಖದ ನಗು ಹೋಯಿತು. "ಐದು ತಿಂಗಳಲ್ಲಿ ನರ ಒಂದಿಂಚೂ ಬೆಳೆದಿಲ್ಲ. ಸೇರಿಸಿದೋರು ಯಾರು? ಚೀಟಿ ಇದ್ಯಾ?"

ಕ್ಲಿನಿಕ್ಕಿನ ಚೀಟಿ ಚೀಲದಲ್ಲೇ ಇತ್ತು. ಓದಿದರು. "ರಕ್ತ ಸೋರ್ತಿದ್ದ ನಾಳ ಕಟ್ಟಿದೆ, ಚರ್ಮಕ್ಕೆ ಎಂಟು ಹೊಲಿಗೆ. ಇಷ್ಟೇ ಇರೋದು."

"ನರ ಕಟ್ಟಾಗಿತ್ತು, ಕಟ್ಟಿದ್ದೀವಿ ಅಂದ್ರಲ್ಲ ಡಾಕ್ಟ್ರೇ!"

"ಅವರು ಹೇಳಿದ್ದು ರಕ್ತದ ನರ. ನೀವು ಹೇಳಿದ್ದು?"

ದೊಡ್ಡಾಸ್ಪತ್ರೆಯ ಹಳೆಯ ಚೀಟಿಯ ಮೇಲೆ ನನ್ನ ಮಾತು ಆ ಹೊಸ ಡಾಕ್ಟರ ಅಕ್ಷರದಲ್ಲಿ ಇತ್ತು. ಡಾಕ್ಟರಮ್ಮ ಅದರ ಮೇಲೆ ಬೆರಳಿಟ್ಟು ತೋರಿಸಿದರು. ಮೊದಲ ವಾರಗಳಲ್ಲೇ ಬಂದಿದ್ದರೆ ತುದಿಗೆ ತುದಿ ಸೇರಿಸಬಹುದಿತ್ತಂತೆ. ಈಗ ಎರಡೂ ತುದಿ ಹಿಂದೆ ಸರಿದಿವೆ, ಕಾಲಿನಿಂದ ಒಂದು ತುಂಡು ನರ ತೆಗೆದು ನಡುವೆ ಕೂರಿಸಬೇಕು. ಅಲ್ಲಿಂದ ಬೆರಳ ತುದಿಯವರೆಗೆ ತಿಂಗಳಿಗೆ ಒಂದಿಂಚಿನ ಲೆಕ್ಕದಲ್ಲಿ ಅದು ಬೆಳೆಯಬೇಕು. "ಸ್ಪರ್ಶ ಪೂರ್ತಿ ಬರುತ್ತೆ ಅಂತ ನಾನು ಹೇಳಲ್ಲ. ಇನ್ನೊಂದು ಮಾತು. ನರ ಬಂದ್ರೆ ಅದರ ಹಿಂದೆ ಊತಾನೂ ಬರಬಹುದು. ಯೋಚಿಸಿ ಹೇಳಿ."

ಆ ಸಂಜೆ ನೇರವಾಗಿ ಕ್ಲಿನಿಕ್ಕಿಗೆ ಹೋದೆ. ಮೈಯೆಲ್ಲ ಉರಿಯುತ್ತಿತ್ತು. ಕಾಂಪೌಂಡರ ಮೇಜು ಗುದ್ದಿ ಕೂಗಾಡಿದೆ. ಆತ ವಯಸ್ಸಾದ ಸಾಧು ಮನುಷ್ಯ, ಕಕ್ಕಾಬಿಕ್ಕಿಯಾಗಿ ನಿಂತರು. "ನಾನು ಸುಳ್ಳೇನಪ್ಪ ಹೇಳಿದೆ? ನರ ನೋಡಿ ಸೂಜಿ ಹಾಕ್ತೀವಲ್ಲ, ಆ ನರ. ಅದು ಕಟ್ಟಾಗಿತ್ತು, ಕಟ್ಟಿದ್ವಿ" ಅಂದರು. ಅವರು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಅಲ್ಲಿ ಬೆಂಚಿನ ಮೇಲೆ ಕೂತವರೆಲ್ಲ ನನ್ನನ್ನೇ ನೋಡುತ್ತಿದ್ದರು. ಬಂದ ದಾರಿ ಹಿಡಿದೆ.

ಅಕ್ಕ ಎರಡು ದಿನ ಆಪರೇಷನ್ ಸುದ್ದಿ ಎತ್ತಲಿಲ್ಲ. ಮೂರನೆಯ ಬೆಳಿಗ್ಗೆ ನಾನು ಮನೆಯಿಂದ ಹೊರಡುವಾಗ ಅಡುಗೆಮನೆಯ ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂತು ಮೂರು ಬೆರಳನ್ನು ಸವರಿಕೊಳ್ಳುತ್ತಿದ್ದಳು.

"ಐದು ವರ್ಷದಿಂದ ಎದ್ದ ತಕ್ಷಣ ಅಳು ಬರ್ತಿತ್ತು ಕಣೋ. ನಿಂಗೆ ಹೇಳ್ತಿರಲಿಲ್ಲ. ಈಗ ಎದ್ದ ತಕ್ಷಣ ಈ ಮೂರರ ಮುಖ ನೋಡ್ತೀನಿ, ಏನೋ ಒಂಥರಾ ಸಮಾಧಾನ."

"ಹಾಗಿದ್ರೆ ಬೇಡ ಬಿಡಕ್ಕ. ಹೀಗೇ ಇರ್ಲಿ."

"ಹೀಗೇ ಇದ್ದು ಏನ್ಮಾಡ್ಲಿ, ಷೋಕೇಸಲ್ಲಿ ಇಡ್ಲಾ?" ಎಂದು ಸಿಡುಕಿದಳು. ಆಮೇಲೆ ಮೆಲ್ಲಗೆ, "ನೋವು ನಂಗೆ ಹೊಸದಲ್ಲ. ಬಟ್ಟೆ ಮುಟ್ಟಿದ್ರೆ ಬಟ್ಟೆ ಅಂತ ಗೊತ್ತಾಗ್ಬೇಕು. ಅಷ್ಟು ಸಿಕ್ಕಿದ್ರೆ ಉರೀನೂ ಬರ್ಲಿ, ಊತಾನೂ ಬರ್ಲಿ. ಮಾಡ್ಸೋಣ" ಅಂದಳು.

ಮಾಡಿಸಿದೆವು. ಕಾಲಿನಲ್ಲಿ ಒಂದು ಉದ್ದ ಗಾಯ, ಕೈಯಲ್ಲಿ ಒಂದು. ಹೊಲಿಗೆ ಬಿಚ್ಚಿದ ಮೇಲೆ ಡಾಕ್ಟರಮ್ಮ ನನಗೆ ತಟ್ಟುವುದನ್ನು ಕಲಿಸಿದರು. ಪೆನ್ಸಿಲಿನ ಹಿಂಬದಿಯಿಂದ ಮಣಿಕಟ್ಟಿನಿಂದ ಬೆರಳ ಕಡೆಗೆ ತಟ್ಟುತ್ತಾ ಹೋಗಬೇಕು. ಎಲ್ಲಿ ತಟ್ಟಿದಾಗ ಬೆರಳಿಗೆ ಜುಂ ಎಂದು ಕರೆಂಟು ಹೊಡೆದಂತಾಗುತ್ತದೋ ಅಲ್ಲಿಯವರೆಗೆ ನರ ಬಂದಿದೆ. ಹದಿನೈದು ದಿನಕ್ಕೊಮ್ಮೆ ಅವಳ ಕೈಯನ್ನು ಕಟಿಂಗ್ ಮೇಜಿನ ಮೇಲೆ ಇಟ್ಟುಕೊಂಡು ತಟ್ಟುತ್ತಿದ್ದೆ. ಜುಂ ಎಂದ ಜಾಗಕ್ಕೆ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಗೆರೆ ಹಾಕಿ, ಟೇಪು ಹಿಡಿದು ಗೋಡೆಯ ಮೇಲೆ ಬರೆಯುತ್ತಿದ್ದೆ. ಒಂದೂವರೆ ಇಂಚು. ಎರಡು. ಎರಡೂಕಾಲು. ಗಿರಾಕಿಗಳು ಗೋಡೆ ನೋಡಿ ಯಾರ ಅಳತೆ ಇದು ಎಂದು ಕೇಳಿದರೆ ಅಕ್ಕ, "ನನ್ನ ಹೊಸ ಕೂಸಿಂದು" ಎನ್ನುತ್ತಿದ್ದಳು.

ಆರು ತಿಂಗಳ ಮೇಲೆ ಒಂದು ಬೆಳಿಗ್ಗೆ ನನ್ನ ಹೆಂಡತಿ ಕೂಗಿದಳು. ಅಕ್ಕನ ತೋರುಬೆರಳಿನ ಗೆಣ್ಣು ಕೆಂಪಗೆ ಊದಿಕೊಂಡಿತ್ತು. ಮುಟ್ಟಿದರೆ ಬಿಸಿ. ನಡುಬೆರಳೂ ಆ ದಾರಿಯಲ್ಲೇ ಇತ್ತು. ಅಕ್ಕ ಹಲ್ಲು ಕಚ್ಚಿಕೊಂಡಿದ್ದಳು. ನಾನು ಮಾತ್ರ ಹುಚ್ಚನಂತೆ ಕುಣಿದೆ. "ಬಂತು! ನರ ಬಂತು ಅಕ್ಕಾ!"

"ಥೂ ನಿನ್ನ. ನಾನಿಲ್ಲಿ ಸಾಯ್ತಿದೀನಿ, ಇವನಿಗೆ ಹಬ್ಬ" ಅಂದಳು. ಆದರೆ ಅವಳ ಕಣ್ಣಿನಲ್ಲೂ ಏನೋ ಹೊಳೆಯುತ್ತಿತ್ತು.

ಡಾಕ್ಟರಮ್ಮ ಕಣ್ಣು ಮುಚ್ಚಿಸಿ ಪರೀಕ್ಷೆ ಮಾಡಿದರು. ಸೂಜಿ ತಾಗಿಸಿದರೆ ಗೊತ್ತಾಯಿತು. ಬಿಸಿನೀರಿನ ಶೀಸೆ, ತಣ್ಣೀರಿನ ಶೀಸೆ, ಎರಡೂ ಗೊತ್ತಾದವು. ಹತ್ತಿಯ ಎಳೆ ಸವರಿದರು. "ಹೇಳಿ" ಅಂದರು. "ಇನ್ನೂ ಮುಟ್ಟಿಲ್ವಲ್ಲ" ಅಂದಳು ಅಕ್ಕ. ಅವರು ಮತ್ತೆ ಸವರಿದರು. ಅಕ್ಕ ಕಾಯುತ್ತಲೇ ಇದ್ದಳು.

"ನೋವಿನ ನರಗಳು ಸಣ್ಣವು, ಬೇಗ ಬಂದು ಸೇರ್ಕೊಳ್ತವೆ" ಎಂದು ಡಾಕ್ಟರಮ್ಮ ನನಗೆ ಬಾಗಿಲ ಹೊರಗೆ ಹೇಳಿದರು. "ಅವುಗಳ ಜೊತೆಗೇ ಊತ. ಮುಟ್ಟಿದ್ದು ನುಣುಪೋ ಒರಟೋ ಅಂತ ಹೇಳೋ ದಪ್ಪ ನರಗಳು ಹಿಂದೆ ಉಳೀತವೆ. ತಡವಾಗಿ ಸೇರಿಸಿದಾಗ ಕೆಲವು ಸಲ ಬರೋದೇ ಇಲ್ಲ. ಇನ್ನಾರು ತಿಂಗಳು ನೋಡೋಣ. ಮನೇಲಿ ಅಭ್ಯಾಸ ಮಾಡಿಸಿ."

ಅಭ್ಯಾಸ ಮಾಡಿಸಿದೆ. ಒಂದು ಬಟ್ಟೆಚೀಲದಲ್ಲಿ ಗುಂಡಿ, ಕೊಕ್ಕೆ, ಜಿಪ್ಪಿನ ತುಂಡು, ಉಣ್ಣೆಯ ಚೂರು, ರೇಷ್ಮೆಯ ಚೂರು ಹಾಕಿಟ್ಟೆ. ದಿನಾ ಮಧ್ಯಾಹ್ನ ಊಟದ ಮೇಲೆ ಅಕ್ಕ ಕಣ್ಣು ಮುಚ್ಚಿ ಎಡಗೈ ಹಾಕಿ ಒಂದೊಂದು ತೆಗೆದು ಹೇಳಬೇಕು. ಮೊದಮೊದಲು ಎಲ್ಲ ತಪ್ಪು. ನಾಲ್ಕನೆಯ ತಿಂಗಳಿಗೆ ಹತ್ತರಲ್ಲಿ ಆರು ಸರಿ. ಐದನೆಯ ತಿಂಗಳಿಗೆ ಒಂಬತ್ತು. ನಾನು ಬೀದಿಗೆಲ್ಲ ಹೇಳಿಕೊಂಡು ಬಂದೆ. ನನ್ನ ಎದೆಯ ಮೇಲೆ ಕೂತಿದ್ದ ಕಲ್ಲು ಇಳಿಯಿತು ಅಂದುಕೊಂಡೆ. ಅಕ್ಕನೂ ದಿನದಿನಕ್ಕೆ ಹುಮ್ಮಸ್ಸಿನಿಂದ ಹೇಳುತ್ತಿದ್ದಳು. ಹತ್ತೂ ಬೆರಳಿನ ಗೆಣ್ಣುಗಳು ಮಾತ್ರ ಈಗ ಒಂದೇ ಥರ ಊದಿಕೊಂಡಿದ್ದವು.

"ಒಂದು ಕೋಟು ಕೊಡೋ. ನೋಡೇ ಬಿಡೋಣ" ಅಂದಳು ಒಂದು ದಿನ.

ಕಪ್ಪು ಉಣ್ಣೆಯ ಕೋಟು, ಮುಂದೆ ಮೂರು ಕಾಜಾ. ಮೂಲೆಯ ತನ್ನ ಹಳೆಯ ಜಾಗದಲ್ಲಿ ಗೋಡೆಗೆ ಮುಖ ಮಾಡಿ ಕೂತಳು. ಆ ಮಧ್ಯಾಹ್ನ ಅವಳು ಯಾರನ್ನೂ ಬೈಯಲಿಲ್ಲ. ನನಗೆ ಅಷ್ಟರಲ್ಲೇ ತಿಳಿಯಬೇಕಿತ್ತು. ನಾಲ್ಕು ಗಂಟೆಗೆ ಕೋಟನ್ನು ಮಡಿಸಿ ನನ್ನ ಮೇಜಿನ ಮೇಲೆ ಇಟ್ಟಳು. ಮೊದಲ ಕಾಜಾ ಪರವಾಗಿಲ್ಲ. ಎರಡನೆಯದರಲ್ಲಿ ಗಂಟುಗಳು ಒಂದರ ಮೇಲೊಂದು ಹತ್ತಿದ್ದವು. ಮೂರನೆಯದು ಅರ್ಧಕ್ಕೆ ನಿಂತಿತ್ತು. ತಿರುಗಿಸಿ ಒಳಬದಿ ನೋಡಿದೆ. ಬೂದು ಲೈನಿಂಗಿನ ಮೇಲೆ ಮೂರೂ ಕಡೆ ರಕ್ತದ ಚುಕ್ಕಿಗಳು. ಅವಳ ಎಡಗೈ ಹಿಡಿದು ಬಿಡಿಸಿದೆ. ತೋರುಬೆರಳಿನ ತುದಿ, ನಡುಬೆರಳಿನ ತುದಿ, ಎಲ್ಲ ಸೂಜಿ ಚುಚ್ಚಿದ ಗುರುತು.

"ಚೀಲದಲ್ಲಿ ಒಂಬತ್ತು ಸರಿ ಹೇಳ್ತಿದ್ಯಲ್ಲಕ್ಕ?"

"ಉಂಗುರಬೆರಳಿಂದ ಹೇಳ್ತಿದ್ದೆ. ಅದರ ನರಕ್ಕೆ ಯಾವತ್ತೂ ಏನೂ ಆಗಿಲ್ವಲ್ಲ. ನೀನು ಅಷ್ಟು ಖುಷಿ ಪಡ್ತಿದ್ದೆ."

"ಈ ಬೆರಳಿಗೆ ಏನೂ ಗೊತ್ತಾಗಲ್ವಾ?"

"ಗೊತ್ತಾಗುತ್ತೆ. ಚುಚ್ಚಿದ ಮೇಲೆ ಗೊತ್ತಾಗುತ್ತೆ ಕಣೋ, ಚೆನ್ನಾಗೇ ಗೊತ್ತಾಗುತ್ತೆ. ಚುಚ್ಚೋಕೆ ಮುಂಚೆ ಗೊತ್ತಾಗಲ್ಲ. ಕಾಜಾ ಇರೋದು ಆ ಮುಂಚೇಲಿ."

ಸ್ಟೂಲು ಎಳೆದುಕೊಂಡು ಕೂತೆ. ಅಷ್ಟು ದಿನ ಹೇಳದೆ ಇಟ್ಟುಕೊಂಡಿದ್ದನ್ನು ಹೇಳಿದೆ. ಆ ದಿನ ಆಸ್ಪತ್ರೆಯಲ್ಲಿ ನಾನು ಬಾಯಿ ಹಾಕದೆ ಇದ್ದಿದ್ದರೆ ಎಂದೆ. ಹೇಳುತ್ತಾ ಹೇಳುತ್ತಾ ಅತ್ತೆ. ಐವತ್ತರ ಹತ್ತಿರದ ಗಂಡಸು ಹಾಡುಹಗಲೇ ಅಂಗಡಿಯಲ್ಲಿ ಕೂತು ಬಿಕ್ಕಿದೆ.

"ನಾನೂ ಪಕ್ಕದಲ್ಲೇ ಇದ್ದೆ. ನನಗೂ ಕಿವಿ ಇತ್ತು, ನಾನೂ ನರ ಅಂದ್ರೆ ನರ ಅಂತ್ಲೇ ಅನ್ಕೊಂಡೆ" ಅಂದಳು. ಅಷ್ಟು ಹೇಳಿ ಕೋಟನ್ನು ನನ್ನ ಕಡೆ ತಳ್ಳಿದಳು. "ಲೈನಿಂಗ್ ತಣ್ಣೀರಲ್ಲಿ ನೆನೆಸು, ಕಲೆ ಉಳಿಯಲ್ಲ. ಎರಡನೇದು, ಮೂರನೇದು ಬಿಚ್ಚಿ ಮಿಷನ್ ಅಂಗಡೀಲಿ ಹಾಕ್ಸು. ಇನ್ಮೇಲೆ ಎಲ್ಲಾನೂ ಅಲ್ಲೇ ಹಾಕ್ಸು."

ಅವಳು ಹೇಳಿದಂತೆಯೇ ಮಾಡಿದ್ದೇನೆ. ಮಿಷನ್ ಕಾಜಾ ಎಲ್ಲ ಒಂದೇ ಸಮ ಇರುತ್ತವೆ, ಗಿರಾಕಿಗಳು ಯಾರೂ ತಕರಾರು ಮಾಡಿಲ್ಲ. ಆ ಕೋಟು ಹೊಲಿದ ಮಾರನೆಯ ದಿನ ಹತ್ತು ಗಂಟೆಗೆ ಅಕ್ಕ ಅಂಗಡಿಗೆ ಬರಲಿಲ್ಲ. ನಾನು ಕರೆಯುವುದಕ್ಕೂ ಹೋಗಲಿಲ್ಲ.